ಕಡತಗಳ ಪ್ರತಿ ತೆಗೆಯುವ ಶೆಲ್ ಸ್ಕ್ರಿಪ್ಟ್‌ಗಳಲ್ಲಿ ದೋಷ ತಪಾಸಣೆ ಕುರಿತು

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗೆ.

ಕಾರ್ಯಾಲಯದ ಕಂಪ್ಯೂಟರಿನಲ್ಲಿರುವ ಸಭಾ ನಡವಳಿಗಳ ಸ್ಕ್ಯಾನ್, ತೆರಿಗೆ ಬೇಡಿಕೆ ಪಟ್ಟಿ, ಕಾಮಗಾರಿಗಳ ಛಾಯಾಚಿತ್ರ ಮುಂತಾದವುಗಳನ್ನು ಪೆನ್‌ಡ್ರೈವ್‌ಗೆ ನಕಲಿಸಲು ಲಿನಕ್ಸ್ ವ್ಯವಸ್ಥೆಯಲ್ಲಿ ಶೆಲ್ ಸ್ಕ್ರಿಪ್ಟ್ ಬಳಸುವುದುಂಟು. ಒಂದರ ಕೆಳಗೊಂದು ಬರೆದಿಟ್ಟ ಆದೇಶಗಳ ಪಟ್ಟಿಯೇ ಶೆಲ್ ಸ್ಕ್ರಿಪ್ಟ್. ಅದನ್ನು ಬರೆಯುವುದು ಸದಸ್ಯರ ಕೆಲಸವಲ್ಲ. ಆದರೆ 'ಪ್ರತಿ ತೆಗೆಯಲಾಗಿದೆ' ಎಂಬ ವರದಿ ಸಭೆಯ ಮುಂದೆ ಬಂದಾಗ, ಅದಕ್ಕೆ ಆಧಾರವೇನೆಂದು ಸದಸ್ಯರು ಕೇಳಬೇಕಾಗುತ್ತದೆ.

ಸ್ಕ್ರಿಪ್ಟ್ ಚಾಲನೆ ಮಾಡುವಾಗ ಅದರ ಹೆಸರಿನ ಮುಂದೆ ನೀಡುವ ವಿವರಗಳಿಗೆ ಆರ್ಗ್ಯುಮೆಂಟ್ ಎಂದು ಹೆಸರು: ಯಾವ ಫೋಲ್ಡರನ್ನು ನಕಲಿಸಬೇಕು, ಎಲ್ಲಿಗೆ ನಕಲಿಸಬೇಕು ಎಂಬಂತಹವು. ಅರ್ಜಿಯ ಕಾಲಂ ಖಾಲಿ ಇದ್ದರೆ ನಮ್ಮ ಗುಮಾಸ್ತರು ಅರ್ಜಿಯನ್ನು ಹಿಂದಿರುಗಿಸುತ್ತಾರೆ, ಶೆಲ್ ಹಿಂದಿರುಗಿಸುವುದಿಲ್ಲ. ಖಾಲಿ ಜಾಗವನ್ನು ಖಾಲಿ ಎಂದೇ ಭಾವಿಸಿ ಕೆಲಸ ಮುಂದುವರಿಸುತ್ತದೆ.

ಇದರ ಪರಿಣಾಮ 2015ರ ಜನವರಿಯಲ್ಲಿ ಜಗತ್ತಿಗೆ ತಿಳಿಯಿತು. ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯ ಸ್ಕ್ರಿಪ್ಟ್‌ನಲ್ಲಿ, 'ಈ ಫೋಲ್ಡರ್, ಅದರ ಮುಂದೆ ಓರೆಗೆರೆ, ಅದರೊಳಗಿನ ಎಲ್ಲವನ್ನೂ ಅಳಿಸು' ಎಂಬ ಅರ್ಥದ ಒಂದು ಸಾಲಿತ್ತು. ಫೋಲ್ಡರಿನ ಹೆಸರು ಸಿಗದೆ ಖಾಲಿಯಾದಾಗ ಉಳಿದದ್ದು ಓರೆಗೆರೆ ಮಾತ್ರ. ಲಿನಕ್ಸ್‌ನಲ್ಲಿ ಬರೀ ಓರೆಗೆರೆ ಎಂದರೆ ಇಡೀ ವ್ಯವಸ್ಥೆ. ಒಬ್ಬ ಬಳಕೆದಾರರ ಕಡತಗಳೆಲ್ಲ ಅಳಿದವು. ಬ್ಯಾಕಪ್‌ಗೆಂದೇ ಜೋಡಿಸಿದ್ದ ಹೊರಗಿನ ಡಿಸ್ಕ್ ಕೂಡ ಬರಿದಾಯಿತು. ಆ ಸಾಲಿನ ಬಳಿ ಬರೆದವರೇ 'ಭಯಾನಕ' ಎಂಬರ್ಥದ ಟಿಪ್ಪಣಿ ಹಾಕಿಕೊಂಡಿದ್ದರು! ಟಿಪ್ಪಣಿಯ ಬದಲು ತಪಾಸಣೆಯ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಫೋಲ್ಡರಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಜಾಗವಿದ್ದರೆ, ಉದ್ಧರಣ ಚಿಹ್ನೆಯೊಳಗೆ ಇರಿಸದ ಹೊರತು ಶೆಲ್ ಅದನ್ನು ಎರಡು ಹೆಸರುಗಳೆಂದು ಓದುತ್ತದೆ ಎಂಬುದೂ ಗಮನದಲ್ಲಿರಲಿ.

ಪ್ರತಿಯೊಂದು ಆದೇಶವೂ ಮುಗಿದ ಕೂಡಲೇ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. 0 ಎಂದರೆ ಯಶಸ್ಸು. 1ರಿಂದ 255ರವರೆಗಿನ ಸಂಖ್ಯೆ ಸಾಮಾನ್ಯವಾಗಿ ವೈಫಲ್ಯದ ಗುರುತು. ಸ್ಕ್ರಿಪ್ಟ್ ಅದನ್ನು ನೋಡದಿದ್ದರೆ ನಕಲು ವಿಫಲವಾದರೂ ಮುಂದಿನ ಸಾಲಿಗೆ ಹೋಗುತ್ತದೆ. ಕೊನೆಯ ಸಾಲು 'ಮುಗಿಯಿತು' ಎಂದು ಮುದ್ರಿಸುವುದಾದರೆ, ಆ ಮುದ್ರಣ ಯಶಸ್ವಿಯಾದ ಕಾರಣ ಇಡೀ ಸ್ಕ್ರಿಪ್ಟೇ 0 ಎಂದು ವರದಿ ಮಾಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪೆನ್‌ಡ್ರೈವ್ ಜೋಡಿಸದೇ ಇದ್ದು, ಅದಕ್ಕೆಂದು ಮಾಡಿಟ್ಟ ಖಾಲಿ ಫೋಲ್ಡರ್ ಮಾತ್ರ ಇದ್ದರೆ, ನಕಲು ಅದೇ ಕಂಪ್ಯೂಟರಿನ ಡಿಸ್ಕಿಗೇ ಇಳಿದು ನಿಜವಾಗಿಯೂ 'ಯಶಸ್ವಿ'ಯಾಗುತ್ತದೆ. ಡಿಸ್ಕ್ ಕೆಟ್ಟ ದಿನ ಮೂಲವೂ ಇಲ್ಲ, ಪ್ರತಿಯೂ ಇಲ್ಲ.

ಆದ್ದರಿಂದ ಸ್ಕ್ರಿಪ್ಟ್‌ನ ಆರಂಭದಲ್ಲಿಯೇ ಆರ್ಗ್ಯುಮೆಂಟ್‌ಗಳ ಸಂಖ್ಯೆ, ಮೂಲ ಫೋಲ್ಡರಿನ ಇರುವಿಕೆ ಹಾಗೂ ಪೆನ್‌ಡ್ರೈವ್ ಜೋಡಣೆಯನ್ನು ಪರಿಶೀಲಿಸಿ, ಕೊರತೆಯಿದ್ದಲ್ಲಿ ಕಾರಣ ತಿಳಿಸಿ ನಿಲ್ಲುವಂತೆ ಬರೆಯಿಸತಕ್ಕದ್ದು. ಹಳೆಯ ಪ್ರತಿಯನ್ನು ಅಳಿಸುವುದಿದ್ದರೆ ಹೊಸ ಪ್ರತಿ ಸರಿಯಾಗಿ ಬಂದ ನಂತರವೇ ಅಳಿಸತಕ್ಕದ್ದು.

ಸದಸ್ಯರು ಮುಂದಿನ ಸಭೆಗೆ ಮುನ್ನ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಸಮ್ಮುಖದಲ್ಲಿ, ಪೆನ್‌ಡ್ರೈವ್ ತೆಗೆದಿಟ್ಟು ಸ್ಕ್ರಿಪ್ಟನ್ನು ಒಮ್ಮೆ ಚಾಲನೆ ಮಾಡಿಸಿ ನೋಡಬಹುದು. ಅದರಲ್ಲಿ ಅಳಿಸುವ ಆದೇಶವಿದ್ದರೆ ಮಾತ್ರ ಈ ಪರೀಕ್ಷೆಯನ್ನು ಕಾರ್ಯಾಲಯದ ಕಂಪ್ಯೂಟರಿನಲ್ಲಿ ಮಾಡಿಸಕೂಡದು. ಆಗಲೂ 'ಮುಗಿಯಿತು' ಎಂದೇ ತೋರಿಸಿದಲ್ಲಿ, ತಿದ್ದುಪಡಿ ಆಗುವವರೆಗೆ ಪ್ರತಿಗಳನ್ನು ಕೈಯಿಂದಲೇ ತೆಗೆದು, ಪೆನ್‌ಡ್ರೈವ್‌ನಲ್ಲಿ ಒಂದೆರಡು ಕಡತಗಳನ್ನು ತೆರೆದು ಪರಿಶೀಲಿಸುವುದು.