ಪುಟ್ಟ ಎರಡು, ಪುಟ್ಟ ಮೂರು

ದೊಮ್ಮಲೂರಿನ ಓದುಗರೊಬ್ಬರು ಹನ್ನೊಂದು ವರ್ಷ ನೆಟ್‌ನಲ್ಲಿ ದಿನಚರಿ ಬರೆದವರು. ಸರ್ವರ್ ಬದಲಿಸಬೇಕಾಗಿ ಬಂತು, ಬ್ಯಾಕಪ್ ಕಡತ ಇಳಿಸಿಕೊಂಡರು, ಹೊಸ ಜಾಗದಲ್ಲಿ ತೆರೆದರು. ಕನ್ನಡ ಮಾಯ! ಪುಟದ ತುಂಬ ನೆತ್ತಿಯ ಮೇಲೆ ಓರೆಗೆರೆ ಹೊತ್ತ ರೋಮನ್ ‘ಎ’, ಅದರ ಹೆಗಲ ಮೇಲೆ ಪುಟ್ಟದೊಂದು 2, ಅಲ್ಲಲ್ಲಿ ಪುಟ್ಟ 3, ನಡುನಡುವೆ ಗುರುತು ಹತ್ತದ ಚಿಹ್ನೆಗಳು. ರಿಪೇರಿ ಅಂಗಡಿಯಲ್ಲಿ ತೋರಿಸಿದರೆ, ‘ವೈರಸ್ ತಿಂದುಬಿಟ್ಟಿದೆ, ಆಸೆ ಬಿಡಿ’ ಎಂದರಂತೆ.

ಅವರು ಕಳಿಸಿದ ಪುಟದ ಚಿತ್ರ ನೋಡಿ ನನಗೆ ಖುಷಿಯಾಯಿತು. ಪುಟ್ಟ 2, ಪುಟ್ಟ 3 ಕಂಡರೆ ಕನ್ನಡ ಜೀವಂತವಾಗಿದೆ ಎಂದೇ ಅರ್ಥ. ವೈರಸ್ ಅನ್ನುವುದು ಈಗಿನವರ ಗ್ರಹಚಾರ; ಕಾರಣ ಹುಡುಕಲು ಬೇಸರವಾದಾಗ ಅದರ ತಲೆಗೆ ಕಟ್ಟುವುದು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಸಂಖ್ಯೆ. ‘ಕ’ ಎಂದರೆ 224, 178, 149. (1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಹೋಟೆಲಿನಲ್ಲಿ ಊಟಕ್ಕೆ ಕೂತು, ತಟ್ಟೆಯಡಿ ಹಾಸುವ ಕಾಗದದ ಮೇಲೆ ಈ ಪದ್ಧತಿಯನ್ನು ಗೀಚಿದರು.) ಇದೇ ಮೂರು ಸಂಖ್ಯೆಗಳನ್ನು ಯುರೋಪಿನ ಭಾಷೆಗಳಿಗೆಂದು ಮಾಡಿದ ಹಳೆಯ ಕೋಷ್ಟಕ (ವಿಂಡೋಸ್-1252) ಹಿಡಿದು ಓದಿದರೆ, 224 ಆ ಓರೆಗೆರೆಯ ‘ಎ’ ಆಗುತ್ತದೆ, 178 ಪುಟ್ಟ 2, 179 ಪುಟ್ಟ 3.

ಚೆಂದ ಇರುವುದು ಇಲ್ಲಿಂದ ಮುಂದೆ. ನಮ್ಮ ಈಗಿನ ಬಳಕೆಯ ಸ್ವರ, ವ್ಯಂಜನಗಳೆಲ್ಲ 178ರ ಮನೆಯವು. ಕೊಂಬು, ಎತ್ವ, ಒತ್ವ, ಮತ್ತು ನುಡಿ ಕೀಲಿಮಣೆಯಲ್ಲಿ ಎಫ್ ಒತ್ತಿ ಹಾಕುತ್ತೇವಲ್ಲ, ಆ ಅರ್ಧಾಕ್ಷರದ ಗುರುತು 179ರ ಮನೆಯವು. ಇಳಿಯೂ ಗುಡಿಸೂ ಮಾತ್ರ ಗಡಿ ದಾಟದೆ ವ್ಯಂಜನಗಳ ಜೊತೆಗೇ ಉಳಿದಿವೆ. ‘ದೊಮ್ಮಲೂರು’ ಎಂಬುದನ್ನು ಬಿಡಿಸಿ: ದ, ಒತ್ವ, ಮ, ಅರ್ಧಾಕ್ಷರದ ಗುರುತು, ಮ, ಲ, ದೀರ್ಘದ ಕೊಂಬು, ರ, ಕೊಂಬು. ಒಟ್ಟು ಒಂಬತ್ತು ಚಿಹ್ನೆ, 27 ಸಂಖ್ಯೆ. ಕೆಟ್ಟಂತೆ ಕಾಣುವ ರೂಪದಲ್ಲಿ ಎಣಿಸಿದರೆ ಆರು ಪುಟ್ಟ 2 (‘ಲ’ದ ಕೊನೆಯ ಸಂಖ್ಯೆಯೂ 178), ನಾಲ್ಕು ಪುಟ್ಟ 3 ಸಿಗಬೇಕು. ನಾನು ಆ ಚಿತ್ರದಲ್ಲಿ ಬೆರಳಿಟ್ಟು ಎಣಿಸಿದೆ. ಸಿಕ್ಕವು! ಕಾಗುಣಿತ ಒಂದಿಷ್ಟೂ ಅಲುಗದೆ ವೇಷ ಮರೆಸಿಕೊಂಡು ಕೂತಿತ್ತು.

ಇದು ದೊಮ್ಮಲೂರಿಗೆ ಹೊಸದೇನಲ್ಲ. ಅಲ್ಲಿಯ ಚೊಕ್ಕನಾಥಸ್ವಾಮಿ ದೇವಸ್ಥಾನದ ಕಲ್ಲಿನಲ್ಲಿ ಊರಿನ ಹಳೆಯ ಹೆಸರು ‘ತೊಂಬಲೂರು’ ಎಂದಿದೆ, ತಮಿಳು ಶಾಸನಗಳಲ್ಲಿ. ಮೊದಲ ಸಲ ಹೋದಾಗ ನಾನು ಅವನ್ನು ಸವೆದ ಕನ್ನಡವೆಂದುಕೊಂಡು ತಿಣುಕಾಡಿ, ಅಕ್ಷರ ಅಳಿಸಿಹೋಗಿದೆ ಎಂದು ಕಲ್ಲನ್ನೇ ಬೈದು ಬಂದಿದ್ದೆ. ಲಿಪಿ ಬಲ್ಲವರು ಸರಾಗ ಓದಿದರು. ಬ್ಯಾಕಪ್ಪೂ ಆಗಿದೆ: ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ, 1905ರಲ್ಲೇ, ಈ ಊರಿನ ಶಾಸನಪಾಠಗಳು ಅಚ್ಚಾದವು.

ಓದುಗರ ದಿನಚರಿಗೆ ಪರಕೀಯ ಕೋಷ್ಟಕ ಎಲ್ಲಿಂದ ಬಂತು? ದಿನಚರಿ ಕೂತಿದ್ದದ್ದು ಮೈಎಸ್‌ಕ್ಯೂಎಲ್ ದತ್ತಸಂಚಯದಲ್ಲಿ. ಈ ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ನಿನಲ್ಲಿ; 2018ರಲ್ಲಿ 8.0 ಆವೃತ್ತಿ ಬರುವವರೆಗೂ, ನಾವು ಬೇರೆ ಹೇಳದಿದ್ದರೆ ಅದು ಲ್ಯಾಟಿನ್ ಕೋಷ್ಟಕವನ್ನೂ ಸ್ವೀಡಿಷ್ ಅಕಾರಾದಿಯನ್ನೂ ಹಿಡಿಯುತ್ತಿತ್ತು. ನಮ್ಮ ಎಷ್ಟೋ ಕನ್ನಡ ಬರಹ ವರ್ಷಗಟ್ಟಲೆ ಸ್ವೀಡಿಷ್ ಹಣೆಪಟ್ಟಿ ಹೊತ್ತು ಕೂತಿತ್ತು. ಹಾಕುವಾಗಲೂ ತೆಗೆಯುವಾಗಲೂ ಅದೇ ತಪ್ಪು ನಡೆಯುತ್ತಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಮನೆ ಬದಲಿಸಿದ ದಿನ ಗುಟ್ಟು ರಟ್ಟಾಯಿತು.

ಇಂಥ ಕಡತ ಸಿಕ್ಕರೆ ಮೊದಲು ಒಂದು ನಕಲು ತೆಗೆದಿಡಿ. ಆಮೇಲೆ ಸಂಕೇತಪದ್ಧತಿ ಆರಿಸಲು ಬಿಡುವ ಯಾವುದಾದರೂ ಪಠ್ಯಸಂಪಾದಕದಲ್ಲಿ ತೆರೆದು ಯುಟಿಎಫ್-8 ಎಂದು ಹೇಳಿ. ಬಹಳ ಸಲ ಅಷ್ಟೇ ಸಾಕು. ಕೆಟ್ಟಂತೆ ಕಾಣುವಾಗ ಮಾತ್ರ ‘ಸೇವ್’ ಒತ್ತಬೇಡಿ. ಏಕೆಂದರೆ ಆ ಹಳೆಯ ವಿಂಡೋಸ್-1252 ಕೋಷ್ಟಕದ 256 ಮನೆಗಳಲ್ಲಿ ಐದು ಖಾಲಿ: 129, 141, 143, 144, 157. ಆ ಸಂಖ್ಯೆ ಎದುರಾದರೆ ಕೆಲವು ತಂತ್ರಾಂಶಗಳು ಸುಮ್ಮನೆ ಎಸೆದುಬಿಡುತ್ತವೆ. ನಮ್ಮ ದುರದೃಷ್ಟಕ್ಕೆ 129ರಲ್ಲಿ ಮುಗಿಯುವುದು ಕೊಂಬು, 141ರಲ್ಲಿ ಅರ್ಧಾಕ್ಷರದ ಗುರುತು. ಉಳಿದವುಗಳಲ್ಲಿ ಏ, ಐ, ಝ. ಕೊಂಬೂ ಒತ್ತಕ್ಷರವೂ ಇಲ್ಲದ ಕನ್ನಡವನ್ನು ಊಹಿಸಿಕೊಳ್ಳಿ. ಪುಟದ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಕಥೆ ಮುಗಿಯಿತು. ಅಲ್ಲಿ ಅಕ್ಷರದ ಬದಲು ನಿಜವಾಗಿಯೂ ಪ್ರಶ್ನಾರ್ಥಕವೇ ಕೂತಿದೆ. ಆ ಪ್ರತಿಯಿಂದ ಯಾರೂ ಏನನ್ನೂ ಹಿಂತಿರುಗಿಸಲಾರರು.

ಆಯುಧಪೂಜೆಯ ದಿನ ಹಾರ್ಡ್‌ಡಿಸ್ಕಿಗೆ ಕುಂಕುಮ ಹಚ್ಚಿ, ಸರ್ವರ್ ಕೋಣೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟುವವರನ್ನು ನೋಡಿದ್ದೇನೆ. ಕಟ್ಟಲಿ, ಆದರೆ ಅದೇ ದಿನ ಬ್ಯಾಕಪ್ಪನ್ನು ಒಮ್ಮೆ ತೆರೆದೂ ನೋಡಬಾರದೇ? ಬ್ಲಾಗರ್ ತಾಣದಿಂದ ಇಳಿಸಿಕೊಳ್ಳುವ ಎಕ್ಸ್‌ಎಂಎಲ್ ಕಡತದಲ್ಲಿ ಚಿತ್ರಗಳಿರುವುದಿಲ್ಲ, ಅವುಗಳ ವಿಳಾಸವಷ್ಟೇ ಇರುತ್ತದೆ ಎಂಬುದು ತೆರೆದು ನೋಡಿದವರಿಗೆ ಮಾತ್ರ ಗೊತ್ತು.

ನಮ್ಮ ಓದುಗರ ಬರಹ ಹೆಚ್ಚುಕಡಿಮೆ ಪೂರ್ತಿ ಮರಳಿತು. ಅಂಗಡಿಯವರು ತೆರೆದು ‘ಸೇವ್’ ಮಾಡಿದ್ದ ಎರಡು ತಿಂಗಳ ಪುಟಗಳಲ್ಲಿ ಮಾತ್ರ ಊರಿನ ಹೆಸರು ‘ದೊಮಮಲೂರ’ ಎಂದಾಗಿದೆ. ಈಗ ದಿನಾ ಸಂಜೆ ಅರ್ಧ ಗಂಟೆ, ಸಾಲು ಸಾಲಾಗಿ ಓದುತ್ತ, ಬೇಕಾದಲ್ಲೆಲ್ಲ ಎಫ್ ಒತ್ತುತ್ತ ಕೂತಿದ್ದಾರೆ.