ಉದ್ಯೋಗದೊಡನೆ ಡಾಕ್ಟರೇಟ್: ಆನ್‌ಲೈನ್ ಎಡ್.ಡಿ. ಪದವಿಯ ಒಳಹೊರಗು

ಶಾಲೆಯೊಂದರ ಹೊಣೆ ಹೊತ್ತವರು ಕೆಲಸ ಬಿಟ್ಟು ಮೂರು ನಾಲ್ಕು ವರ್ಷ ವಿಶ್ವವಿದ್ಯಾಲಯದ ಅಂಗಳದಲ್ಲಿ ಕುಳಿತು ಓದುವುದು ಬಹುಮಟ್ಟಿಗೆ ಅಸಾಧ್ಯದ ಮಾತು. ಸಂಬಳ ನಿಂತರೆ ಸಂಸಾರ ನಡೆಯದು. ಹುದ್ದೆ ಬಿಟ್ಟರೆ ಮತ್ತೆ ದೊರೆಯುವ ಭರವಸೆಯಿಲ್ಲ. ಅಮೆರಿಕದಲ್ಲಿ ಈ ತೊಡಕಿಗೆ ಕಂಡುಕೊಂಡಿರುವ ಉತ್ತರವೇ ಬಹುಪಾಲು ಆನ್‌ಲೈನ್ ಮೂಲಕ ನಡೆಯುವ ಶೈಕ್ಷಣಿಕ ನಾಯಕತ್ವದ ಡಾಕ್ಟರೇಟ್, ಅಂದರೆ 'ಡಾಕ್ಟರ್ ಆಫ್ ಎಜುಕೇಷನ್' ಅಥವಾ ಎಡ್.ಡಿ. ಪದವಿ.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಶಾಲೆಗಳಲ್ಲಿ ದುಡಿಯುತ್ತಿರುವ ಕನ್ನಡಿಗರಿಗೆ ಇದು ಪರಿಚಿತ ಹೆಸರು. ವಿದೇಶಿ ಆನ್‌ಲೈನ್ ಡಾಕ್ಟರೇಟ್‌ಗಳ ಜಾಹೀರಾತು ಈಗ ಕರ್ನಾಟಕದ ಶಿಕ್ಷಕರ ಮೊಬೈಲ್‌ಗಳಿಗೂ ಬರುತ್ತಿದೆ. ಸೇರುವ ಮುನ್ನ ಈ ಪದವಿಯ ಸ್ವರೂಪ, ವೆಚ್ಚ ಮತ್ತು ಮಾನ್ಯತೆಯನ್ನು ಅರಿತಿರುವುದು ಒಳಿತು.

ಏನಿದು ಎಡ್.ಡಿ.?

ಎಡ್.ಡಿ. ಹೊಸ ಪದವಿಯೇನಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ 1920ರ ಸುಮಾರಿನಲ್ಲೇ ಇದನ್ನು ಆರಂಭಿಸಿತ್ತು. ಬ್ರಿಟನ್ನಿನಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ 1992ರಲ್ಲಿ ಮೊದಲಿಗೆ ಆರಂಭಿಸಿತು. ಪಿಎಚ್.ಡಿ. ಸಂಶೋಧಕರನ್ನು ರೂಪಿಸುವುದಕ್ಕಾದರೆ, ಎಡ್.ಡಿ. ಶಾಲೆಗಳನ್ನು ನಡೆಸುವವರಿಗೆ ಎಂಬುದು ಮೂಲ ಕಲ್ಪನೆ. ಆದರೆ ಕಾಲಕ್ರಮದಲ್ಲಿ ಎರಡರ ನಡುವಣ ಗೆರೆ ಮಸುಕಾಯಿತು. ಎಡ್.ಡಿ. ಎಂದರೆ ಹಗುರವಾದ ಪಿಎಚ್.ಡಿ. ಎಂಬ ಅಪಖ್ಯಾತಿಯೂ ಅಂಟಿಕೊಂಡಿತು.

ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಆರ್ಥರ್ ಲೆವಿನ್ 2005ರ ತಮ್ಮ ವರದಿಯಲ್ಲಿ ಈ ಪದವಿಯನ್ನೇ ರದ್ದುಗೊಳಿಸಬೇಕೆಂದು ವಾದಿಸಿದರು. ಚರ್ಚೆ ತೀವ್ರವಾಯಿತು. 2007ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಆಶ್ರಯದಲ್ಲಿ 'ಕಾರ್ನೆಗಿ ಪ್ರಾಜೆಕ್ಟ್ ಆನ್ ದಿ ಎಜುಕೇಷನ್ ಡಾಕ್ಟರೇಟ್' ಎಂಬ ಯೋಜನೆ ರೂಪುಗೊಂಡಿತು. ಪದವಿಯನ್ನು ಕೈಬಿಡುವ ಬದಲು ವೃತ್ತಿನಿರತರಿಗೆ ತಕ್ಕಂತೆ ಪುನಾರಚಿಸುವುದು ಇದರ ಉದ್ದೇಶವಾಗಿತ್ತು. ಹಾರ್ವರ್ಡ್ ಮಾತ್ರ ಬೇರೆ ಹಾದಿ ಹಿಡಿಯಿತು. ಮುಂದೆ ಎಡ್.ಡಿ.ಯನ್ನು ನಿಲ್ಲಿಸಿ, ನಾಯಕತ್ವಕ್ಕೆಂದೇ 'ಎಡ್.ಎಲ್.ಡಿ.' ಎಂಬ ಪ್ರತ್ಯೇಕ ಪದವಿಯನ್ನೂ ಸಂಶೋಧನೆಗೆ ಪಿಎಚ್.ಡಿ.ಯನ್ನೂ ಇರಿಸಿಕೊಂಡಿತು.

ಇಂದು ಜಾನ್ಸ್ ಹಾಪ್ಕಿನ್ಸ್, ವ್ಯಾಂಡರ್‌ಬಿಲ್ಟ್, ಸದರ್ನ್ ಕ್ಯಾಲಿಫೋರ್ನಿಯಾದಂತಹ ಹೆಸರಾಂತ ವಿಶ್ವವಿದ್ಯಾಲಯಗಳೂ ಆನ್‌ಲೈನ್ ಎಡ್.ಡಿ. ನೀಡುತ್ತಿವೆ. ಶಾಲಾ ಪ್ರಾಂಶುಪಾಲರು, ಕಾಲೇಜು ಆಡಳಿತಗಾರರು ಮತ್ತು ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟ್ ಆಗಬಯಸುವವರು ಇದರ ಮುಖ್ಯ ಅಭ್ಯರ್ಥಿಗಳು. ಸೂಪರಿಂಟೆಂಡೆಂಟ್ ಎಂದರೆ ಒಂದು ಪ್ರದೇಶದ ಎಲ್ಲ ಸರ್ಕಾರಿ ಶಾಲೆಗಳ ಮುಖ್ಯಾಧಿಕಾರಿ. ನಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಕೊಂಚ ಹೋಲುವ ಹುದ್ದೆಯಾದರೂ, ಅಲ್ಲಿ ಬಹುತೇಕ ಕಡೆ ಅವರನ್ನು ನೇಮಿಸುವುದು ಸ್ಥಳೀಯ ಶಾಲಾ ಮಂಡಳಿ.

ವ್ಯಾಸಂಗ ನಡೆಯುವ ಬಗೆ

'ಬಹುಪಾಲು ಆನ್‌ಲೈನ್' ಎಂಬ ಮಾತಿನಲ್ಲಿ ಮೂರು ಅಂಶಗಳು ಅಡಗಿವೆ. ನಿಗದಿತ ಸಂಜೆಗಳಲ್ಲಿ ಎಲ್ಲರೂ ಒಟ್ಟಿಗೆ ಪರದೆಯ ಮುಂದೆ ಕೂರುವ ನೇರ ತರಗತಿ ಮೊದಲನೆಯದು. ತಮಗೆ ಬಿಡುವಾದಾಗ ಓದಿ, ಬರೆದು, ಚರ್ಚಿಸಿ ಗಡುವಿನೊಳಗೆ ಒಪ್ಪಿಸುವ ಕೆಲಸ ಎರಡನೆಯದು. ಮೂರನೆಯದಾಗಿ, ಹಲವು ಕಡೆ ವರ್ಷಕ್ಕೊಮ್ಮೆ ಕೆಲವು ದಿನ ವಿಶ್ವವಿದ್ಯಾಲಯಕ್ಕೆ ಹೋಗಿ ತಂಗಬೇಕಾಗುತ್ತದೆ. ಪ್ರಯಾಣ, ವಸತಿ ಮತ್ತು ರಜೆಯ ಲೆಕ್ಕವನ್ನು ಅಭ್ಯರ್ಥಿ ಮೊದಲೇ ಹಾಕಿಕೊಂಡಿರಬೇಕು.

ಒಂದೇ ವರ್ಷ ಸೇರಿದವರೆಲ್ಲ ಒಂದು ತಂಡವಾಗಿ ಕೊನೆಯವರೆಗೆ ಜೊತೆಯಲ್ಲಿ ಸಾಗುವ ಪದ್ಧತಿ ಸಾಮಾನ್ಯ. ಇದರ ಪ್ರಯೋಜನ ಸಣ್ಣದಲ್ಲ. ಒಂಟಿಯಾಗಿ ಪರದೆಯ ಮುಂದೆ ಕುಳಿತವರು ನಡುದಾರಿಯಲ್ಲಿ ಕೈಚೆಲ್ಲುವುದು ಸುಲಭ. ಒಡನಾಡಿಗಳಿದ್ದರೆ ಕೇಳುವವರೂ ಎಚ್ಚರಿಸುವವರೂ ಇರುತ್ತಾರೆ.

ವಾರಕ್ಕೆ ಎಷ್ಟು ಸಮಯ ಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಅಮೆರಿಕದ ನಿಯಮದಂತೆ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆಯ ಪಾಠ ಹಾಗೂ ಕನಿಷ್ಠ ಎರಡು ಗಂಟೆಗಳ ಸ್ವಂತ ಅಭ್ಯಾಸ. ಸೆಮಿಸ್ಟರ್‌ಗೆ 6 ಕ್ರೆಡಿಟ್ ತೆಗೆದುಕೊಂಡರೆ ವಾರಕ್ಕೆ 18 ಗಂಟೆ. ದಿನವಿಡೀ ದುಡಿದು ಬಂದವರಿಗೆ ಇದು ಮೂರು ಸಂಜೆಗಳು ಮತ್ತು ವಾರಾಂತ್ಯದ ಒಂದೂವರೆ ದಿನಕ್ಕೆ ಸಮ. 'ಬಿಡುವಿನ ವೇಳೆಯಲ್ಲಿ ಡಾಕ್ಟರೇಟ್' ಎಂಬ ಪ್ರಚಾರವನ್ನು ಈ ಲೆಕ್ಕದ ಎದುರು ಇಟ್ಟು ನೋಡಬೇಕು.

ಕರ್ನಾಟಕದಲ್ಲಿದ್ದು ಅಮೆರಿಕದ ನೇರ ತರಗತಿಗೆ ಸೇರುವವರಿಗೆ ಇನ್ನೊಂದು ತೊಡಕಿದೆ. ನ್ಯೂಯಾರ್ಕ್‌ನಲ್ಲಿ ಸಂಜೆ 7 ಗಂಟೆಯಾದಾಗ ಇಲ್ಲಿ ಮರುದಿನ ಮುಂಜಾನೆ 4.30 ಆಗಿರುತ್ತದೆ, ಚಳಿಗಾಲದಲ್ಲಾದರೆ 5.30. ತರಗತಿ ಮುಗಿಸಿ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಹಾಜರಿರಬೇಕಾದವರು ಇದನ್ನು ಯೋಚಿಸಬೇಕು.

ಪ್ರಬಂಧದ ಸ್ವರೂಪ

ಪುನಾರಚಿತ ಎಡ್.ಡಿ.ಯ ಜೀವಾಳವೇ ಅದರ ಪ್ರಬಂಧ. ಅಭ್ಯರ್ಥಿ ತಾನು ದುಡಿಯುವ ಸಂಸ್ಥೆಯ ಒಂದು ನೈಜ ಸಮಸ್ಯೆಯನ್ನು ಆರಿಸಿಕೊಳ್ಳುತ್ತಾನೆ. ಉದಾಹರಣೆಗೆ ವಿದ್ಯಾರ್ಥಿಗಳ ದೀರ್ಘ ಗೈರುಹಾಜರಿ. ಶಾಲಾ ದಿನಗಳ ಪೈಕಿ ಶೇ. 10 ಅಥವಾ ಅದಕ್ಕೂ ಹೆಚ್ಚು ದಿನ ತಪ್ಪಿಸಿಕೊಳ್ಳುವುದನ್ನು ಅಮೆರಿಕದಲ್ಲಿ ಹೀಗೆ ಪರಿಗಣಿಸಲಾಗುತ್ತದೆ.

ಪಿಎಚ್.ಡಿ. ಅಭ್ಯರ್ಥಿಯಾದರೆ ಗೈರುಹಾಜರಿಗೂ ಬಡತನಕ್ಕೂ ಇರುವ ಸಂಬಂಧದ ಬಗ್ಗೆ ಎಲ್ಲೆಡೆ ಅನ್ವಯಿಸುವ ತಿಳಿವಳಿಕೆಯನ್ನು ಅರಸಬಹುದು. ಎಡ್.ಡಿ. ಅಭ್ಯರ್ಥಿಯ ಪ್ರಶ್ನೆಯೇ ಬೇರೆ: ನನ್ನ ಶಾಲೆಯ ಈ ಮಕ್ಕಳು ಏಕೆ ಬರುತ್ತಿಲ್ಲ, ಏನು ಮಾಡಿದರೆ ಬಂದಾರು? ಕಾರಣಗಳನ್ನು ಪಟ್ಟಿ ಮಾಡಿ, ಒಂದು ಸಣ್ಣ ಬದಲಾವಣೆಯನ್ನು ಯೋಜಿಸಿ, ಜಾರಿಗೆ ತಂದು, ಫಲವನ್ನು ಅಳೆದು, ತಿದ್ದಿ ಮತ್ತೆ ಪ್ರಯೋಗಿಸಬೇಕು. ಕಾರ್ಖಾನೆಗಳ ಗುಣಮಟ್ಟ ಸುಧಾರಣೆಯಲ್ಲಿ ಬಳಕೆಯಾದ ಈ ಆವರ್ತ ಕ್ರಮವನ್ನು ಶಿಕ್ಷಣಕ್ಕೆ ಅಳವಡಿಸುವಲ್ಲಿ ಕಾರ್ನೆಗಿ ಪ್ರತಿಷ್ಠಾನದ ಆಂಟನಿ ಬ್ರಿಕ್ ಅವರ ಪಾತ್ರ ಪ್ರಮುಖವಾದುದು.

ಸ್ವಂತ ಶಾಲೆಯಲ್ಲೇ ಸಂಶೋಧನೆ ನಡೆಸುವುದರಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ. ಪ್ರಾಂಶುಪಾಲರೇ ಎದುರು ಕುಳಿತು 'ಆಡಳಿತ ಹೇಗಿದೆ?' ಎಂದು ಕೇಳಿದರೆ ಕೈಕೆಳಗಿನ ಶಿಕ್ಷಕ ಮನಬಿಚ್ಚಿ ಉತ್ತರಿಸುವನೇ? ಉತ್ತರಿಸಲು ನಿರಾಕರಿಸುವ ಸ್ವಾತಂತ್ರ್ಯವಾದರೂ ಅವನಿಗೆ ಇದೆಯೇ? ಆದ್ದರಿಂದಲೇ ಜನರಿಂದ ಮಾಹಿತಿ ಸಂಗ್ರಹಿಸುವ ಮುನ್ನ ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆಯ ಮಂಡಳಿ ಯೋಜನೆಯನ್ನು ಪರಿಶೀಲಿಸುತ್ತದೆ. ಹೆಸರು ನಮೂದಿಸದ ಪ್ರಶ್ನಾವಳಿ, ಸಂದರ್ಶನಕ್ಕೆ ಬೇರೊಬ್ಬರ ನೇಮಕ ಮುಂತಾದ ಏರ್ಪಾಡುಗಳನ್ನು ಕೇಳಬಹುದು. ವಿದ್ಯಾರ್ಥಿಗಳ ದಾಖಲೆಗಳಿಗೆ 1974ರ ಗೋಪ್ಯತಾ ಕಾನೂನಿನ ರಕ್ಷಣೆ ಪ್ರತ್ಯೇಕವಾಗಿ ಇದೆ. ಶಾಲಾ ಜಿಲ್ಲೆಯ ಅನುಮತಿಯೂ ಬೇಕಾಗಬಹುದು. ಇವೆಲ್ಲಕ್ಕೆ ತಿಂಗಳುಗಳೇ ಹಿಡಿಯಬಹುದು. ನಡುವೆ ಉದ್ಯೋಗ ಬದಲಾದರೆ ಪ್ರಬಂಧದ ವಿಷಯವೇ ಕೈತಪ್ಪಬಹುದು.

ಹಣದ ಲೆಕ್ಕ

ಶುಲ್ಕ ಸಂಸ್ಥೆಯಿಂದ ಸಂಸ್ಥೆಗೆ ಬಹಳ ಭಿನ್ನ. ಒಂದು ಕ್ರೆಡಿಟ್‌ಗೆ 1,000 ಡಾಲರ್ ಎಂದಿಟ್ಟುಕೊಂಡರೆ 54 ಕ್ರೆಡಿಟ್‌ಗಳ ಪದವಿಗೆ 54,000 ಡಾಲರ್ ಆಗುತ್ತದೆ. ಆದರೆ ನಿಜವಾದ ಅಪಾಯ ಈ ಮೊತ್ತದಲ್ಲಿ ಇಲ್ಲ. ಪ್ರಬಂಧ ಮುಗಿಯದೆ ಉಳಿದಾಗ ಪ್ರತಿ ಸೆಮಿಸ್ಟರ್‌ಗೆ ತೆರಬೇಕಾದ ನೋಂದಣಿ ಶುಲ್ಕದಲ್ಲಿ ಇದೆ. ಪಾಠಗಳನ್ನೆಲ್ಲ ಮುಗಿಸಿಯೂ ಪ್ರಬಂಧ ಒಪ್ಪಿಸದೆ ನಿಂತವರಿಗೆ ಪದವಿಯಿಲ್ಲ, ಸಾಲ ಮಾತ್ರ ಉಳಿಯುತ್ತದೆ.

ಇದು ಕೇವಲ ಊಹೆಯ ಮಾತಲ್ಲ. ಅಮೆರಿಕದ ಲಾಭೋದ್ದೇಶದ ಆನ್‌ಲೈನ್ ವಿಶ್ವವಿದ್ಯಾಲಯವೊಂದರ ಮೇಲೆ ವ್ಯವಹಾರ ಆಡಳಿತದ ಡಾಕ್ಟರೇಟ್ ವಿದ್ಯಾರ್ಥಿಗಳು ದಾವೆ ಹೂಡಿದ್ದರು. ಪದವಿಗೆ ಬೇಕಾಗುವ ಸಮಯ ಮತ್ತು ವೆಚ್ಚವನ್ನು ಕಡಿಮೆಯೆಂದು ಬಿಂಬಿಸಿ, ಕೊನೆಯ ಹಂತವನ್ನು ಎಳೆಯಲಾಯಿತು ಎಂಬುದು ಅವರ ಆರೋಪವಾಗಿತ್ತು. 2024ರಲ್ಲಿ ಆ ಸಂಸ್ಥೆ 2.85 ಕೋಟಿ ಡಾಲರ್ ನೀಡಿ ರಾಜಿ ಮಾಡಿಕೊಂಡಿತು.

ಸಾಲದ ನಿಯಮಗಳೂ ಬದಲಾಗಿವೆ. 2025ರ ಜುಲೈನಲ್ಲಿ ಅಂಗೀಕೃತವಾದ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಸ್ನಾತಕೋತ್ತರ ಹಂತದ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 20,500 ಡಾಲರ್ ಹಾಗೂ ಒಟ್ಟು 1 ಲಕ್ಷ ಡಾಲರ್ ಮೀರುವಂತಿಲ್ಲ. ವೈದ್ಯಕೀಯ, ಕಾನೂನು ಮುಂತಾದ ಕೆಲವು ವೃತ್ತಿಪದವಿಗಳಿಗಷ್ಟೇ ಹೆಚ್ಚಿನ ಮಿತಿ. ಉದ್ಯೋಗದಾತರು ಶುಲ್ಕಕ್ಕೆ ನೀಡುವ ನೆರವಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ಆದಾಯ ತೆರಿಗೆ ಇಲ್ಲವೆಂಬ ನಿಯಮ ಬಹುಕಾಲದಿಂದ ಇದೆ. ಮೊದಲು ಈ ನೆರವನ್ನು ಕೇಳಿ, ಆಮೇಲೆ ಸಾಲದ ಅರ್ಜಿ ತುಂಬುವುದು ಜಾಣತನ.

ಪದವಿ ಬೇರೆ, ಪರವಾನಗಿ ಬೇರೆ

ಅಮೆರಿಕದಲ್ಲಿ ಪ್ರಾಂಶುಪಾಲ ಅಥವಾ ಸೂಪರಿಂಟೆಂಡೆಂಟ್ ಆಗಲು ಸಾಮಾನ್ಯವಾಗಿ ಆಯಾ ರಾಜ್ಯದ ಪರವಾನಗಿ ಬೇಕು. ಎಡ್.ಡಿ. ಪದವಿಯೊಂದೇ ಆ ಪರವಾನಗಿಯನ್ನು ತಂದುಕೊಡುವುದಿಲ್ಲ. ಟೆಕ್ಸಾಸ್‌ನಲ್ಲಿ ಕುಳಿತು ಬೇರೊಂದು ರಾಜ್ಯದ ವಿಶ್ವವಿದ್ಯಾಲಯದಲ್ಲಿ ಓದುವವರು, ಆ ವ್ಯಾಸಂಗ ತಮ್ಮ ರಾಜ್ಯದ ಪರವಾನಗಿಗೆ ಸಲ್ಲುವುದೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಸಂಸ್ಥೆಗೆ ಅಧಿಕೃತ ಮಾನ್ಯತೆ ಇದೆಯೇ ಎಂಬುದನ್ನು ಅಲ್ಲಿನ ಶಿಕ್ಷಣ ಇಲಾಖೆಯ ದತ್ತಾಂಶದಲ್ಲಿ ಯಾರು ಬೇಕಾದರೂ ನೋಡಬಹುದು.

ಭಾರತದಲ್ಲಿ ಸ್ಥಿತಿ ಏನು?

ಭಾರತದಲ್ಲಿ ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ಪಿಎಚ್.ಡಿ. ನೀಡಲು ಯುಜಿಸಿ ಅವಕಾಶ ಕೊಟ್ಟಿಲ್ಲ. ಖಾಸಗಿ ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳೊಡನೆ ಸೇರಿ ನೀಡುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಜಂಟಿಯಾಗಿ ಎಚ್ಚರಿಸಿವೆ. ವಿದೇಶಿ ಪದವಿಗಳ ತತ್ಸಮಾನತೆಗಾಗಿ 2025ರಲ್ಲಿ ಯುಜಿಸಿ ಪ್ರತ್ಯೇಕ ನಿಯಮಾವಳಿ ಹೊರಡಿಸಿದೆ. ಬಡ್ತಿ ಅಥವಾ ಬೋಧಕ ಹುದ್ದೆಗಾಗಿ ಓದುವವರು ಶುಲ್ಕ ಕಟ್ಟುವ ಮುನ್ನವೇ ತತ್ಸಮಾನತೆಯ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು.

ಹಾಗೆಂದು ಇಲ್ಲಿ ದುಡಿಯುವವರಿಗೆ ದಾರಿಯೇ ಇಲ್ಲವೆಂದಲ್ಲ. 2022ರ ನವೆಂಬರ್‌ನ ಯುಜಿಸಿ ನಿಯಮಾವಳಿ ಅರೆಕಾಲಿಕ ಪಿಎಚ್.ಡಿ.ಗೆ ಸ್ಪಷ್ಟ ಅವಕಾಶ ನೀಡಿದೆ. ಅರೆಕಾಲಿಕ ವ್ಯಾಸಂಗಕ್ಕೆ ಅನುಮತಿಯಿದೆ, ಸಂಶೋಧನೆಗೆ ಸಾಕಷ್ಟು ಸಮಯ ದೊರೆಯುತ್ತದೆ, ಕೋರ್ಸ್‌ವರ್ಕ್‌ಗೆ ಅಗತ್ಯಬಿದ್ದರೆ ಕರ್ತವ್ಯದಿಂದ ಬಿಡುಗಡೆ ಮಾಡಲಾಗುತ್ತದೆ ಎಂದು ಉದ್ಯೋಗದಾತರು ನಿರಾಕ್ಷೇಪಣಾ ಪತ್ರ ಕೊಡಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಪದವಿಯ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ದೊರೆಯಬಹುದು. ಮಹಿಳೆಯರಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಮತ್ತೆ 2 ವರ್ಷಗಳ ರಿಯಾಯಿತಿಯಿದ್ದು, ಒಟ್ಟು ಅವಧಿ 10 ವರ್ಷ ಮೀರುವಂತಿಲ್ಲ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ವಿಶ್ವವಿದ್ಯಾಲಯದ ಪ್ರವೇಶ ಅಧಿಕಾರಿಯನ್ನು ಕೆಲವು ಪ್ರಶ್ನೆ ಕೇಳಲು ಸಂಕೋಚ ಬೇಡ. ಸೇರಿದವರಲ್ಲಿ ಎಷ್ಟು ಮಂದಿ ಪದವಿ ಪೂರೈಸುತ್ತಾರೆ, ಎಷ್ಟು ವರ್ಷಗಳಲ್ಲಿ? ಮಾರ್ಗದರ್ಶಕರು ಯಾವಾಗ ನಿಗದಿಯಾಗುತ್ತಾರೆ, ಒಬ್ಬರ ಬಳಿ ಎಷ್ಟು ವಿದ್ಯಾರ್ಥಿಗಳಿರುತ್ತಾರೆ? ಪ್ರಬಂಧ ತಡವಾದರೆ ಪ್ರತಿ ಸೆಮಿಸ್ಟರ್‌ಗೆ ಎಷ್ಟು ಹಣ ಕಟ್ಟಬೇಕು? ಈ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಬಾರದಿದ್ದರೆ ಅದನ್ನೇ ಒಂದು ಉತ್ತರವೆಂದು ಭಾವಿಸಬಹುದು.

ಮನೆಯಲ್ಲಿಯೂ ಒಂದು ಪ್ರಶ್ನೆ ಕೇಳಬೇಕಿದೆ. ವಾರದ ಆ 18 ಗಂಟೆ ಆಕಾಶದಿಂದ ಬೀಳುವುದಿಲ್ಲ. ಪತಿ, ಪತ್ನಿ, ಮಕ್ಕಳು, ವಯಸ್ಸಾದ ತಂದೆತಾಯಿಯರ ಪಾಲಿನ ವೇಳೆಯಿಂದಲೇ ಬರಬೇಕು. ಅವರ ಒಪ್ಪಿಗೆಯೂ ಉದ್ಯೋಗದಾತರ ನಿರಾಕ್ಷೇಪಣಾ ಪತ್ರದಷ್ಟೇ ಅಗತ್ಯ.

ಹೆಸರಿನ ಹಿಂದೆ 'ಡಾ.' ಸೇರಬೇಕೆಂಬುದಷ್ಟೇ ಗುರಿಯಾದರೆ ಈ ದಾರಿ ದುಬಾರಿಯೂ ದೀರ್ಘವೂ ಹೌದು. ತನ್ನ ಶಾಲೆಯಲ್ಲಿ ವರ್ಷಗಳಿಂದ ಬಗೆಹರಿಯದೆ ಕಾಡುತ್ತಿರುವ ಸಮಸ್ಯೆಯೊಂದು ಕೈಯಲ್ಲಿದ್ದು, ಅದನ್ನು ಶಿಸ್ತಿನಿಂದ ಬಿಡಿಸಿ ನೋಡುವ ಹಂಬಲವಿರುವವರಿಗೆ ಮಾತ್ರ ಮೂರು ನಾಲ್ಕು ವರ್ಷಗಳ ಈ ದುಡಿಮೆ ಸಾರ್ಥಕವಾದೀತು.