ತೆಂಗಿನ ಗರಿ ದಾಟಬೇಕಾದ ವೈಫೈ

ತುಮಕೂರಿನ ದೇವರಾಯನದುರ್ಗಕ್ಕೆ ಜನ ಹೋಗುವುದು ನರಸಿಂಹಸ್ವಾಮಿಯ ದರ್ಶನಕ್ಕೆ, ಇಲ್ಲವೇ ನಾಮದ ಚಿಲುಮೆ ನೋಡಲಿಕ್ಕೆ. ನನ್ನನ್ನು ಎಳೆದದ್ದು ವೈಫೈ. ಟಿ.ಬಿ. ದಿನೇಶ್ ಮತ್ತು ಸಂಗಡಿಗರ ‘ಜನಸ್ತು’ ಸಂಸ್ಥೆ ಅಲ್ಲಿನ ಹಳ್ಳಿಗರ ಜೊತೆ ಸೇರಿ ಕಟ್ಟಿದ ಜಾಲಕ್ಕೆ ‘ಕೌ ಮೆಶ್’ ಎಂದು ಹೆಸರು, ಒಡೆತನ ಸಮುದಾಯದ್ದೇ. ಒಂದು ರೌಟರ್ ಪಕ್ಕದ್ದಕ್ಕೆ, ಅದು ಮುಂದಿನದಕ್ಕೆ ಮಾಹಿತಿ ದಾಟಿಸುತ್ತದೆ. ಹೊರಗಿನ ಇಂಟರ್ನೆಟ್ ಕೈಕೊಟ್ಟರೂ ಒಳಗಿನ ಜಾಲ ಸಾಯದು. ಊರಿನ ಸರ್ವರಿನಲ್ಲಿಟ್ಟ ಊರವರದೇ ದನಿಯ ಕತೆಗಳು ಮೊಬೈಲಿನಲ್ಲಿ ಕೇಳುತ್ತವೆ. ಓದು ಬರಹ ಬಾರದವರಿಗೂ ನಿಲುಕುವ ನೆಟ್ ಇದು. ಇಂಟರ್ನೆಟ್ಟೇ ಇಲ್ಲದೆ ನೆಟ್! ಆ ಬೆರಗು ಇನ್ನೂ ಇಳಿದಿಲ್ಲ.

ಇಂಥ ಜಾಲಗಳ ಚರಿತ್ರೆ ಚಿಕ್ಕದು. ಸ್ಪೇನಿನ ಕತಲೂನ್ಯಾದಲ್ಲಿ 2004ರಲ್ಲಿ ಶುರುವಾದ ‘ಗುಯಿಫಿ’ ಇವುಗಳ ದೊಡ್ಡಣ್ಣ. ನಮ್ಮಲ್ಲಿ 2005ರಲ್ಲಿ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಲೈಸೆನ್ಸ್ ಬೇಡವಾಯಿತು. 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಕೇಂದ್ರ ಸರ್ಕಾರದ ‘ಪಿಎಂ ವಾಣಿ’ ಯೋಜನೆಯಡಿ ಕಿರಾಣಿ ಅಂಗಡಿಯವರೂ ಲೈಸೆನ್ಸಿಲ್ಲದೆ ವೈಫೈ ಹಂಚಬಹುದು.

ಹಾಗಾದರೆ ಮಂಗಳೂರಿನ ದೇರೆಬೈಲಿನ ವಸತಿ ಬಡಾವಣೆಗಳಲ್ಲಿ ಇಂಥ ಜಾಲ ಯಾಕಾಗಬಾರದು? ಅಲ್ಲಿನ ಕೊಂಚಾಡಿಯ ಏರುತಗ್ಗಿನಲ್ಲಿ ತಾರಸಿಗೆ ತಾರಸಿ ಕಾಣುತ್ತದೆ, ನಡುವೆ ತೆಂಗು ಇಲ್ಲದಿದ್ದರೆ. ಮಳೆ ಬಂದರೆ ಸಿಗ್ನಲ್ ಹೋಗುತ್ತದೆಂದು ಎಲ್ಲರೂ ಮಳೆಯನ್ನೇ ಬೈಯುತ್ತಾರೆ. ಪಾಪ, ಮಳೆಹನಿ ವೈಫೈ ತರಂಗಗಳಿಗೆ ಹೆಚ್ಚೇನೂ ಕಾಟ ಕೊಡುವುದಿಲ್ಲ. ಕಾಟ ಕೊಡುವುದು ತೊಯ್ದ ಗರಿ. ಎಲೆಯೊಳಗಿನ ನೀರು, ಮೇಲಿನ ನೀರು ಎರಡೂ ತರಂಗವನ್ನು ಹೀರುತ್ತವೆ, ಚದುರಿಸುತ್ತವೆ. ಗಾಳಿಗೆ ಗರಿ ತೂಗಿದಂತೆ ಸಿಗ್ನಲ್ಲೂ ತೂಗುತ್ತದೆ. ಇನ್ನೊಂದು ಸ್ವಾರಸ್ಯವಿದೆ. ರೌಟರನ್ನು ಎತ್ತರಕ್ಕೇರಿಸಿದಷ್ಟೂ ಒಳ್ಳೆಯದೆಂಬುದು ತೋಟದ ನಡುವೆ ಅರ್ಧಸತ್ಯ. ಗರಿಗಳ ಮಟ್ಟಕ್ಕೆ ಸರಿಯಾಗಿ ಇಟ್ಟರೆ ಕೆಟ್ಟಿತು. ಗರಿಗಳ ಮೇಲೆ ಹೋಗಲಾಗದಿದ್ದರೆ ಕೆಳಗೆ, ಬರೀ ಕಾಂಡಗಳಿರುವ ಎತ್ತರದಲ್ಲಿ, ದಾರಿ ಎಷ್ಟೋ ಸಲೀಸು. ಅಲ್ಲಿಂದ ಮುಂದೆ ಮುರಕಲ್ಲಿನ ದಪ್ಪ ಗೋಡೆಯನ್ನೂ ದಾಟಬೇಕು. ಆ್ಯಂಟೆನಾ ಹೊರಗಿಟ್ಟು ಒಳಕ್ಕೆ ತಂತಿ ಎಳೆದರೆ ಆ ತಾಪತ್ರಯ ತಪ್ಪುತ್ತದೆ.

ಫೈಬರ್ ಮನೆಬಾಗಿಲಿಗೇ ಬಂದಿರುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಬರೀ ಬಿಲ್ ಉಳಿಸಲಿಕ್ಕಾದರೆ ನಿಜಕ್ಕೂ ಬೇಡ. ಅಸೋಸಿಯೇಷನ್ನಿನ ನೋಟಿಸು, ಗೇಟಿನ ಕ್ಯಾಮರಾ, ಹಿರಿಯರು ಹೇಳುವ ತುಳು ಕತೆ ಹೊರಗಿನ ಕಂಪನಿಯ ಹಂಗಿಲ್ಲದೆ ಮನೆಮನೆ ತಲುಪಬೇಕಿದ್ದರೆ ಬೇಕು. ನನ್ನ ಸಂಶಯ ತಂತ್ರಜ್ಞಾನದ ಮೇಲಲ್ಲ, ಅದನ್ನು ನೋಡಿಕೊಳ್ಳುವವರು ಯಾರೆಂಬುದರ ಮೇಲೆ. ಈ ಆಸೆಯನ್ನು ದೇರೆಬೈಲಿನ ಹಿರಿಯರೊಬ್ಬರ ಮುಂದಿಟ್ಟಾಗ, ‘ಮೊದಲು ನೀರಿನ ಮೋಟಾರು ಸರಿ ಮಾಡುವ ಮಾರಾಯ್ರೆ’ ಎಂದರು. ಮೇ ತಿಂಗಳ ಸಿಡಿಲಿಗೆ ತಾರಸಿಯ ರೌಟರ್ ಸುಟ್ಟರೆ ದುಡ್ಡು ಯಾರದೆಂದೂ ಕೇಳಿದರು. ಮೇಂಟೆನೆನ್ಸ್ ಲೆಕ್ಕದಲ್ಲಿ ಅದಕ್ಕೊಂದು ಸಾಲು ಸೇರಿಸಬೇಕಾಗುತ್ತದೆ.